ಮೂಲೆ ಹಿಡಿದ ಸೆನ್ಸರ್

"ಏಣಿ ಅಲ್ಲಾಡಿಸಬೇಡ ಕಣೋ! ನಾನು ಬಿದ್ರೆ ನನ್ನ ಸೊಂಟದ ಜೊತೆ ನಿನ್ನ ಕೇಸೂ ಮುರಿಯುತ್ತೆ."

ಅಕ್ಕನ ಪಿಸುದನಿ ಚಾವಣಿಯ ಕಡೆಯಿಂದ ಇಳಿದು ಬಂತು. ಇನ್ಸ್‌ಪೆಕ್ಟರ್ ಏಣಿಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡ.

ಠಾಣೆಯಲ್ಲಿ ಬರೀ ಹುಬ್ಬು ಹಾರಿಸಿ ಕೆಲಸ ಮಾಡಿಸುವ ಮನುಷ್ಯ ಇವತ್ತು ಮಾಸಿದ ನೀಲಿ ಅಂಗಿ ತೊಟ್ಟು, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಅಕ್ಕನ ಸಹಾಯಕನ ವೇಷದಲ್ಲಿ ನಿಂತಿದ್ದ. ಮೀಸೆ ಮಾತ್ರ ವೇಷಕ್ಕೆ ಒಗ್ಗದೆ ಠೀವಿಯಿಂದ ಮೇಲೆದ್ದಿತ್ತು. "ಅದನ್ನೂ ತೆಗೆಸಿಬಿಡೋ" ಎಂದು ಅಕ್ಕ ಬೆಳಗ್ಗೆ ಹೇಳಿದ್ದಳು. ಅದೊಂದು ಅವನ ಕೈಲಾಗಿರಲಿಲ್ಲ.

ಸೇತುವೆಗಳ ವಿನ್ಯಾಸ ಮಾಡುವ ಈ ಕಚೇರಿಯಿಂದ ಮೇಷ್ಟ್ರು ಕಾಣೆಯಾಗಿ ವಾರವಾಗಿತ್ತು. ಅವರು ಒಳಗೆ ಬಂದದ್ದನ್ನು ಕಂಡವರಿದ್ದರು, ಹೊರಗೆ ಹೋದದ್ದನ್ನು ಕಂಡವರು ಒಬ್ಬರೂ ಇರಲಿಲ್ಲ.

ಮೇಷ್ಟ್ರು ಪಾಠ ಹೇಳುವವರೇನಲ್ಲ. ಉಳಿದ ಎಂಜಿನಿಯರುಗಳು ಮಾಡಿದ ಲೆಕ್ಕವನ್ನೆಲ್ಲ ಮತ್ತೊಮ್ಮೆ ನೋಡಿ ತಪ್ಪು ಹಿಡಿಯುವುದು ಅವರ ಕೆಲಸ. ಅದಕ್ಕೇ ಆ ಹೆಸರು. ನದಿಗೆ ಅಡ್ಡಲಾಗಿ ಏಳುತ್ತಿದ್ದ ತೂಗುಸೇತುವೆಯ ಒಂದು ಉಕ್ಕಿನ ಕೊಂಡಿಯನ್ನು ಅವರು ಪರೀಕ್ಷೆಗೆ ಇಟ್ಟಿದ್ದರು. ಅವರ ಜೊತೆ ಆ ಕೊಂಡಿಯೂ ಮಾಯವಾಗಿತ್ತು. ಕದ್ದು ಇನ್ನೊಂದು ಕಂಪನಿಗೆ ಮಾರಿಕೊಂಡು ಓಡಿಹೋದರು ಎಂದು ಕಚೇರಿಯಲ್ಲಿ ಗುಸುಗುಸು ಎದ್ದಿತ್ತು.

"ನಮ್ಮನೆಯವರು ಪಕ್ಕದ ಮನೆ ಪೇಪರನ್ನೂ ಕೇಳದೆ ಮುಟ್ಟಿದವರಲ್ಲ" ಎಂದು ಅವರ ಹೆಂಡತಿ ಠಾಣೆಯಲ್ಲಿ ಹೇಳಿದ್ದರು. ಅತ್ತಿರಲಿಲ್ಲ. ಆ ಅಳದ ಕಣ್ಣುಗಳೇ ಇನ್ಸ್‌ಪೆಕ್ಟರ್‌ನ ನಿದ್ದೆ ಕೆಡಿಸಿದ್ದವು.

ಕಚೇರಿಯನ್ನು ಜಾಲಾಡಲು ಮೇಲಿನವರ ಅಪ್ಪಣೆ ಸಿಕ್ಕಿರಲಿಲ್ಲ. ಅಷ್ಟರಲ್ಲಿ ಅಕ್ಕ ಊಟಕ್ಕೆ ಕೂತಾಗ ತಾನಾಗಿಯೇ ಹೇಳಿದ್ದಳು. "ಅದೇ ಆಫೀಸಿನವರು ನನ್ನನ್ನ ಕರೆದಿದಾರೆ ಕಣೋ. ಜನ ಬಂದ್ರೆ ಹತ್ತಿ, ಹೋದ್ರೆ ಆರೋ ದೀಪ ಬೇಕಂತೆ. ಚಾವಣೀಲಿ ಎಲ್ಲೆಲ್ಲಿ ಸೆನ್ಸರ್ ಕೂರಿಸಬೇಕು ಅಂತ ಪ್ಲಾನ್ ಮಾಡಿಕೊಡಬೇಕು. ನನಗೆ ಏಣಿ ಹಿಡಿಯೋಕೆ ಒಬ್ಬ ಬೇಕು. ನೀನೇನು ಖಾಲಿ ಇದೀಯಾ?"

ಹಾಗೆ ಬಂದದ್ದು ಅವನು.

ಬೆಳಗ್ಗೆಯಿಂದ ಅಕ್ಕನ ಹಿಂದೆ ಟೇಪು ಹಿಡಿದು ಸುತ್ತಿದವನಿಗೆ ಒಂದು ಮಾತು ಒಪ್ಪಿಕೊಳ್ಳದೆ ವಿಧಿಯಿರಲಿಲ್ಲ. ಪೊಲೀಸ್ ಕೆಲಸಕ್ಕೆ ಸೇರಬೇಕಾಗಿದ್ದವಳು ಇವಳು.

ಚಾವಣಿಗೆ ಹಾಕುವ ಸೆನ್ಸರ್ ಎಂದಮೇಲೆ ಅಕ್ಕ ಚಾವಣಿ ನೋಡುತ್ತಾಳೆ ಎಂದುಕೊಂಡಿದ್ದ. ಅವಳು ತಲೆಯೆತ್ತಲೇ ಇಲ್ಲ. ಮೊದಲು ದೊಡ್ಡ ಹಾಲ್‌ನ ಒಂದು ಮೂಲೆಯಲ್ಲಿ ಕುರ್ಚಿ ಎಳೆದುಕೊಂಡು ಕೂತು, ಸುಮ್ಮನೆ ಜನರನ್ನು ನೋಡಿದಳು.

"ಅಲ್ಲಿ ನೋಡು, ಕಿಟಕಿ ಪಕ್ಕದ ಹುಡುಗಿ. ಬಂದಾಗಿಂದ ಒಂದು ಬೆರಳು ಬಿಟ್ಟು ಬೇರೇನೂ ಅಲ್ಲಾಡಿಸಿಲ್ಲ. ದೂರದಲ್ಲಿ ಸೆನ್ಸರ್ ಹಾಕಿದ್ರೆ ಅದಕ್ಕೆ ಇವಳು ಕುರ್ಚಿಗೂ ಕಡೆ. ದೀಪ ಆರಿಸಿಬಿಡುತ್ತೆ. ಇವಳ ತಲೆ ಮೇಲೇ ಒಂದು ಬೇಕು."

ಪ್ಲಾನ್ ಹಾಳೆಯ ಮೇಲೆ ಒಂದು ಹಸಿರು ಚುಕ್ಕೆ ಬಿತ್ತು.

ಮೀಟಿಂಗ್ ರೂಮಿನ ಗಾಜಿನ ಗೋಡೆ ಕಂಡು ಇನ್ಸ್‌ಪೆಕ್ಟರ್ ಜಾಣತನ ತೋರಿಸಲು ಹೋದ. "ಗಾಜು ತಾನೇ ಅಕ್ಕಾ, ಹೊರಗಿನ ಸೆನ್ಸರ್ರೇ ಒಳಗೂ ನೋಡಲ್ವಾ?"

"ನಿನ್ನ ಕಣ್ಣಿಗೆ ಗಾಜು. ಮೈಶಾಖ ನೋಡೋ ಸೆನ್ಸರ್‌ಗೆ ಅದು ಕಲ್ಲುಗೋಡೆ. ಒಳಗೆ ಬೇರೆಯದೇ ಬೇಕು." ಮತ್ತೊಂದು ಚುಕ್ಕೆ. ಏಸಿ ಗಾಳಿ ಬೀಸುವ ಕಿಂಡಿಯಿಂದ ದೂರ, ಬಾಗಿಲ ಆಚೆ ಓಡಾಡುವವರು ಕಣ್ಣಿಗೆ ಬೀಳದಷ್ಟು ಒಳಗೆ. ಕಪಾಟು ಅಡ್ಡ ಬಂದರೆ ಚುಕ್ಕೆ ಅತ್ತ ಸರಿಯುತ್ತಿತ್ತು. ಅವಳ ಕೈ ಎಲ್ಲೂ ತಡವರಿಸಲಿಲ್ಲ.

ಲೆಕ್ಕಪತ್ರದ ವಿಭಾಗದ ದಪ್ಪ ಮನುಷ್ಯರೊಬ್ಬರು ಸಂಕೋಚದಿಂದ ಹತ್ತಿರ ಬಂದು, "ಅಮ್ಮಾ, ಟಾಯ್ಲೆಟ್ ವಿಷಯ ಸ್ವಲ್ಪ ನೋಡಿ ಮಾಡಿ. ನಾನು ಮೊದಲಿದ್ದ ಆಫೀಸಲ್ಲಿ ಕೂತ ಸ್ವಲ್ಪ ಹೊತ್ತಿಗೇ ದೀಪ ಹೋಗಿಬಿಡ್ತಿತ್ತು. ಕತ್ತಲಲ್ಲಿ ಕೂತು ಎರಡೂ ಕೈಯೆತ್ತಿ ಬೀಸಬೇಕಿತ್ತು, ಮುಳುಗ್ತಾ ಇರೋನ ಹಾಗೆ" ಎಂದರು.

ಅಕ್ಕ ನಗಲಿಲ್ಲ. "ನೀವು ಕೈ ಬೀಸೋ ಹಾಗಾದ್ರೆ ನಾನು ಈ ಕೆಲಸ ಬಿಡ್ತೀನಿ" ಎಂದು ಗಂಭೀರವಾಗಿ ಮಾತು ಕೊಟ್ಟಳು. ಆ ಮನುಷ್ಯರ ಮುಖ ಅರಳಿತು. ಆಮೇಲೆ ಅವರ ಬಾಯಿಂದ ಮೇಷ್ಟ್ರ ಬಗ್ಗೆ ತಾನಾಗಿ ಉದುರಿದ ಮಾತುಗಳನ್ನು ಇನ್ಸ್‌ಪೆಕ್ಟರ್‌ನ ಪೇದೆಗಳು ವಾರವಿಡೀ ಕೇಳಿದರೂ ಪಡೆದಿರಲಿಲ್ಲ.

ಚಿಕ್ಕಂದಿನಲ್ಲಿ ಕಣ್ಣಾಮುಚ್ಚಾಲೆ ಆಡುವಾಗಲೂ ಅವಳು ಹೀಗೇ. ಉಳಿದವರು ಮಂಚದಡಿ, ಬಾಗಿಲ ಸಂದಿ ಎಂದು ಓಡಾಡಿ ಹುಡುಕಿದರೆ, ಇವಳು ನಡುಮನೆಯಲ್ಲಿ ಅಲ್ಲಾಡದೆ ನಿಂತಿರುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ನೆಟ್ಟಗೆ ಅವನು ಅಡಗಿದ್ದಲ್ಲಿಗೇ ಬಂದು, "ಬಾರೋ ಪಾಪಚ್ಚಿ" ಎಂದು ಕಿವಿ ಹಿಡಿದು ಎಳೆಯುತ್ತಿದ್ದಳು. ಅವನಿಗೆ ಅದೊಂದು ಮಾಟದಂತೆ ಕಾಣುತ್ತಿತ್ತು. ಈಗಲೂ ಕಾಣುತ್ತಿದೆ.

ಊಟದ ಹೊತ್ತು ಕಳೆದ ಮೇಲೆ ಅವರು ನಕ್ಷೆ ಕೋಣೆಗೆ ಬಂದಿದ್ದರು. ಹಳೆಯ ಸೇತುವೆಗಳ ನಕ್ಷೆಗಳನ್ನು ಸುರುಳಿ ಸುತ್ತಿ ಇಟ್ಟ ಉದ್ದನೆಯ ಕೋಣೆ. ಕಿಟಕಿಯಿಲ್ಲ. ಜನ ಬರುವುದೂ ಅಪರೂಪ.

"ಇದೇ ನೋಡಿ ನಮ್ಮ ತಲೆನೋವು" ಎಂದು ಬಾಗಿಲು ತೆರೆದಿದ್ದವರು ಮ್ಯಾನೇಜರಮ್ಮ. ಕಚೇರಿಯ ಬೀಗದ ಕೈಗಳಿಂದ ಹಿಡಿದು ಕಾಫಿ ಪುಡಿಯವರೆಗೆ ಎಲ್ಲ ನೋಡಿಕೊಳ್ಳುವ ಮೆದು ಮಾತಿನ ಹೆಂಗಸು. ಅಕ್ಕನನ್ನು ಈ ಕೆಲಸಕ್ಕೆ ಗೊತ್ತುಮಾಡಿದ್ದೂ ಅವರೇ. "ಪರೀಕ್ಷೆಗೆ ಅಂತ ಮೊನ್ನೆ ಇಲ್ಲೊಂದು ಸೆನ್ಸರ್ ಹಾಕಿಸಿದ್ವಿ. ಯಾರೂ ಇಲ್ಲದಾಗ ದೀಪ ಹತ್ತುತ್ತೆ. ಹುಡುಗರು ದೆವ್ವ ಅಂತಿದಾರೆ. ಯಾಕೆ ಹಾಗಾಗುತ್ತೆ ಅಂತ ನೀವೇ ಕಂಡುಹಿಡೀಬೇಕು."

ಅದನ್ನು ನೋಡಲು ಅಕ್ಕ ಏಣಿ ಹತ್ತಿದ್ದಳು.

"ತಮಾಷೆಯಾಗಿದೆ" ಎಂದಳು ಮೇಲಿನಿಂದ.

"ಏನು?"

"ಈ ರೂಮಿಗೆ ಸೆನ್ಸರ್ ಎಲ್ಲಿ ಹಾಕ್ತೀಯ, ಹೇಳು ನೋಡೋಣ."

ಬೆಳಗ್ಗೆಯಿಂದ ಕಲಿತದ್ದನ್ನೆಲ್ಲ ಅವನು ಒಟ್ಟುಮಾಡಿಕೊಂಡ. "ನಡೂಮಧ್ಯ. ಇಲ್ಲಾಂದ್ರೆ ಬಾಗಿಲ ಒಳಗಡೆ, ಬಂದವರು ತಕ್ಷಣ ಸಿಗೋ ಹಾಗೆ."

"ಭೇಷ್. ಇವರು ಎಲ್ಲಿ ಹಾಕಿದಾರೆ?"

ಅವನು ಕತ್ತೆತ್ತಿ ನೋಡಿದ. ಬಿಳಿ ಬಿಲ್ಲೆಯಂಥ ಸೆನ್ಸರ್ ಬಾಗಿಲಿಂದ ಅತಿ ದೂರದ ಮೂಲೆಯಲ್ಲಿ, ಕೊನೆಯ ಗೋಡೆಗೆ ಅಂಟಿಕೊಂಡಂತೆ ಕೂತಿತ್ತು. ಜಗಳವಾಡಿ ಮೂಲೆ ಹಿಡಿದ ಮಗುವಿನ ಹಾಗೆ.

"ಕೆಲಸ ಗೊತ್ತಿಲ್ಲದೋನು ಯಾರೋ ಹಾಕಿರಬೇಕು."

"ಉಹೂಂ. ಸ್ಕ್ರೂ ನೋಡಿದ್ರೆ ಗೊತ್ತಾಗುತ್ತೆ, ಕೈ ಪಳಗಿದವನೇ." ಅಕ್ಕ ಇಳಿದು ಬಂದಳು. ದನಿ ಇನ್ನೂ ತಗ್ಗಿಸಿದಳು. "ಇನ್ನೊಂದು ವಿಷಯ. ಇದು ಮೈಶಾಖ ನೋಡೋ ಜಾತಿ ಅಲ್ಲ. ಅಲೆ ಕಳಿಸಿ, ತಿರುಗಿ ಬಂದಿದ್ದನ್ನ ಅಳೆಯೋ ಜಾತಿ. ಇದಕ್ಕೆ ತೆಳ್ಳಗಿನ ಗೋಡೆ ಗೋಡೇನೇ ಅಲ್ಲ."

ಇನ್ಸ್‌ಪೆಕ್ಟರ್‌ನ ಬೆನ್ನು ನೆಟ್ಟಗಾಯಿತು. "ಅಂದ್ರೆ ಗೋಡೆ ಆಚೆ ಏನಾದ್ರೂ ಅಲ್ಲಾಡಿದ್ರೆ..."

"ಇಲ್ಲಿ ದೀಪ ಹತ್ತುತ್ತೆ. ಇದನ್ನ ಹಾಕಿದೋರಿಗೆ ಈ ರೂಮು ಬೇಕಾಗಿಲ್ಲ ಕಣೋ. ಆ ಗೋಡೆ ಬೇಕು."

ಅವಳು ಪ್ಲಾನ್ ಹಾಳೆಯನ್ನು ನೆಲದ ಮೇಲೆ ಹರಡಿದಳು. ಗೋಡೆಯ ಆಚೆ ಕಚೇರಿಯ ಯಜಮಾನರ ಕ್ಯಾಬಿನ್. ನಕ್ಷೆ ಕೋಣೆಯನ್ನು ಅವರು ಆಗಲೇ ಅಳೆದಾಗಿತ್ತು, ಕ್ಯಾಬಿನ್ನನ್ನೂ ಬೆಳಗ್ಗೆಯೇ ಅಳೆದಿದ್ದರು. ಅವೆರಡನ್ನೂ ಕೂಡಿಸಿ, ಹೊರಗಿನ ಕಾರಿಡಾರಿನ ಉದ್ದಕ್ಕೆ ಹೋಲಿಸಿದಳು. ಕೂಡಿಸಿದ್ದು ಕಡಿಮೆ ಬಂತು. ಒಬ್ಬ ಮನುಷ್ಯ ಎರಡೂ ತೋಳು ಚಾಚಿ ನಿಲ್ಲುವಷ್ಟು ಜಾಗ ಎಲ್ಲೋ ಕಳೆದುಹೋಗಿತ್ತು.

"ನಕ್ಷೇಲಿ ಇಲ್ಲಿ ಗಟ್ಟಿ ಗೋಡೆ ಅಂತ ತೋರಿಸಿದಾರೆ. ಇಷ್ಟು ದಪ್ಪದ ಗೋಡೆ ಕೋಟೆಗೆ ಕಟ್ತಾರೆ, ಆಫೀಸಿಗಲ್ಲ."

ಅವನು ಹೋಗಿ ಬೆರಳ ಗೆಣ್ಣಿನಿಂದ ಗೋಡೆ ತಟ್ಟಿದ. ಟೊಳ್ಳು.

ಅದೇ ಹೊತ್ತಿಗೆ ಬಾಗಿಲಲ್ಲಿ ಒಂದು ನೆರಳು ಬಿತ್ತು.

"ಗೋಡೆ ಯಾಕೆ ತಟ್ತಿದೀರಿ?"

ಯಜಮಾನರು. ನರೆತ ಕೂದಲು, ಇಸ್ತ್ರಿ ಮುರಿಯದ ಬಿಳಿ ಅಂಗಿ. ಊರಿನ ಅರ್ಧ ಸೇತುವೆಗಳು ಅವರ ಕೈಯಲ್ಲಿ ಹುಟ್ಟಿದವು. ಅವರ ಹಿಂದೆಯೇ ಬಂದಿದ್ದ ಮ್ಯಾನೇಜರಮ್ಮ ಒಳಗಿನ ಬಿಸಿ ಅರಿತವರಂತೆ, "ಎಲ್ಲರಿಗೂ ಟೀ ತರ್ತೀನಿ" ಎಂದು ಮೆಲ್ಲಗೆ ಜಾರಿಕೊಂಡರು.

"ಸರ್, ಇಲ್ಲಿ ದೀಪ..." ಎಂದು ಅಕ್ಕ ಶುರುಮಾಡಿದಳು.

"ಗೊತ್ತಿದೆ. ಸೆನ್ಸರ್ ಕೆಟ್ಟಿದೆ. ಏಸಿ ಗಾಳಿಗೆ ಹಾಗಾಗುತ್ತೆ. ಕಿತ್ತುಹಾಕಿ. ಈ ರೂಮಿಗೆ ಸೆನ್ಸರ್ರೇ ಬೇಡ, ಮಾಮೂಲಿ ಸ್ವಿಚ್ ಇರ್ಲಿ."

"ಕೀಳ್ತೀನಿ ಸರ್. ಕೆಟ್ಟಿದೆಯೋ ಇಲ್ವೋ ಅಂತ ಒಂದ್ಸಲ ನೋಡಿಬಿಡ್ತೀನಿ."

"ನೋಡೋದೇನೂ ಬೇಕಾಗಿಲ್ಲ."

"ನನಗೆ ಬೇಕು ಸರ್. ಸರಿಯಾಗಿರೋದನ್ನ ಕೆಟ್ಟಿದೆ ಅಂತ ಬರೆದುಕೊಟ್ಟು ನನಗೆ ಅಭ್ಯಾಸ ಇಲ್ಲ."

ದನಿಯಲ್ಲಿ ಒರಟುತನ ಎಳ್ಳಷ್ಟೂ ಇರಲಿಲ್ಲ. ಆದರೆ ಯಜಮಾನರು ಬಾಗಿಲಿಂದ ಸರಿದು ದಾರಿ ಬಿಟ್ಟರು. ಇನ್ಸ್‌ಪೆಕ್ಟರ್‌ಗೆ ಒಳಗೊಳಗೇ ಹೆಮ್ಮೆ ಉಕ್ಕಿತು. ದೊಡ್ಡವರ ಮುಂದೆ ಅವನ ದನಿ ಏರುತ್ತಿತ್ತು, ಇಲ್ಲಾ ಇಳಿಯುತ್ತಿತ್ತು. ಅಕ್ಕನದು ಇದ್ದಲ್ಲೇ ಇತ್ತು.

ಅವಳು ಏಸಿ ಆರಿಸಿದಳು. ಮೂವರೂ ಕಾರಿಡಾರಿಗೆ ಬಂದರು. ಬಾಗಿಲನ್ನು ಅರ್ಧ ತೆರೆದಿಟ್ಟು, ದೂರ ಸರಿದು ನಿಂತರು.

"ಇದರ ಹಿಡಿತ ಇಲ್ಲೀತನಕ ಬರಲ್ಲ. ಒಳಗೆ ಗಾಳಿ ಇಲ್ಲ, ಜನ ಇಲ್ಲ. ದೀಪ ಆರಬೇಕು. ಆರಿದ್ದು ಹಾಗೇ ಇರಬೇಕು."

ದೀಪ ಆರಿತು.

ಹಾಲ್ ಕಡೆಯಿಂದ ಪ್ರಿಂಟರಿನ ಸದ್ದು ಬರುತ್ತಿತ್ತು. ಯಜಮಾನರು ಕೋಣೆಯ ಕಡೆ ನೋಡುತ್ತಿಲ್ಲ, ತಮ್ಮ ಕ್ಯಾಬಿನ್ ಬಾಗಿಲನ್ನು ನೋಡುತ್ತಿದ್ದಾರೆ ಎಂಬುದು ಇನ್ಸ್‌ಪೆಕ್ಟರ್‌ನ ಕಣ್ಣಿಗೆ ಬಿತ್ತು.

ಪಕ್ಕನೆ ನಕ್ಷೆ ಕೋಣೆ ಬೆಳಗಿತು.

ಖಾಲಿ ಕೋಣೆ. ಸುರುಳಿ ಸುತ್ತಿದ ಸೇತುವೆಗಳ ಮೇಲೆ ಬಿಳಿ ಬೆಳಕು.

"ಸೆನ್ಸರ್ ಸರಿಯಾಗೇ ಇದೆ ಸರ್" ಎಂದಳು ಅಕ್ಕ.

ಇನ್ನು ವೇಷ ಸಾಕೆನಿಸಿತು. ಇನ್ಸ್‌ಪೆಕ್ಟರ್ ಕಿವಿಯ ಪೆನ್ಸಿಲ್ ತೆಗೆದು ಜೇಬಿಗಿಳಿಸಿ, ಗುರುತಿನ ಚೀಟಿ ಹೊರತೆಗೆದ. "ಗೋಡೆ ಒಳಗೆ ಯಾರನ್ನ ಕೂಡಿಹಾಕಿದೀರಿ?"

ಯಜಮಾನರ ಮುಖ ಸುಣ್ಣವಾಯಿತು. ಕೂಗಾಡುತ್ತಾರೆ, ವಕೀಲರ ಹೆಸರು ಹೇಳುತ್ತಾರೆ ಎಂದುಕೊಂಡಿದ್ದ. ಅವರು ಅಕ್ಕನ ಕಡೆ ತಿರುಗಿ, ಕೈಮುಗಿಯುವಷ್ಟು ಮೆತ್ತಗಾಗಿ, "ಇಲ್ಲಿ ಬೇಡ. ಒಳಗೆ ಬನ್ನಿ, ದಯವಿಟ್ಟು" ಎಂದರು.

ಕ್ಯಾಬಿನ್ನಿನಲ್ಲಿ ಗೋಡೆಯುದ್ದದ ಪುಸ್ತಕದ ಬೀರು. ಅದರ ಒಂದು ಪಟ್ಟಿ ಬಾಗಿಲಂತೆ ತೆರೆದುಕೊಂಡಿತು.

"ಹಳೇ ಲಿಫ್ಟ್ ಇದ್ದ ಜಾಗ" ಎಂದರು ಯಜಮಾನರು. "ಲಿಫ್ಟ್ ತೆಗೆಸಿದಾಗ ನೆಲ ಹಾಕಿಸಿ, ನಕ್ಷೆ ಕೋಣೆ ಕಡೆ ತೆಳು ಹಲಗೆ ಹೊಡೆಸಿದ್ದೆ. ಆಮೇಲೆ ಮಾದರಿಗಳನ್ನ ಇಡೋಕೆ ಅಂತ ಈ ಕಡೆಯಿಂದ ದಾರಿ ಮಾಡಿಸಿಕೊಂಡೆ."

ಒಳಗಿಂದ ಒಬ್ಬರು ಹೊರಬಂದರು. ಗಡ್ಡ ಬೆಳೆದಿತ್ತು, ಅಂಗಿ ಸುಕ್ಕಾಗಿತ್ತು. ಒಂದು ಕೈಯಲ್ಲಿ ಬಟ್ಟೆ ಸುತ್ತಿದ ಭಾರದ ವಸ್ತು.

ಮೇಷ್ಟ್ರು!

ಅವರು ಬೆದರಲಿಲ್ಲ, ಓಡಲಿಲ್ಲ. ಅಕ್ಕನ ಕೈಯಲ್ಲಿದ್ದ ಪ್ಲಾನ್ ಹಾಳೆಯನ್ನು ದಿಟ್ಟಿಸಿ, "ಇಲ್ಲಿ ಕೊಡಮ್ಮಾ" ಎಂದು ಇಸಿದುಕೊಂಡರು. ಹಸಿರು ಚುಕ್ಕೆಗಳ ಮೇಲೆ ಅವರ ಬೆರಳು ಒಂದೊಂದಾಗಿ ಓಡಿತು. ಹಾಲ್, ಗಾಜಿನ ಕೋಣೆ, ಟಾಯ್ಲೆಟ್. ಕೊನೆಗೆ ಅವರ ಬೆರಳು ಗಟ್ಟಿ ಗೋಡೆಯ ಮೇಲೆ ಅಕ್ಕ ಹಾಕಿದ್ದ ಪ್ರಶ್ನೆ ಚಿಹ್ನೆಯ ಮೇಲೆ ನಿಂತಿತು.

"ತಪ್ಪಿಲ್ಲ" ಎಂದರು.

ಯಜಮಾನರು ಬೆರಗಾಗಿ ಅಕ್ಕನನ್ನು ನೋಡಿದರು. "ಇಪ್ಪತ್ತು ವರ್ಷದಿಂದ ಜೊತೇಲಿದೀನಿ. ನನಗೆ ಈ ಮಾತು ಒಂದ್ಸಲಾನೂ ಹೇಳಿಲ್ಲ."

ಅಕ್ಕನ ಕೆನ್ನೆ ಕೆಂಪಾದದ್ದನ್ನು ಇನ್ಸ್‌ಪೆಕ್ಟರ್ ಮೊದಲ ಬಾರಿ ಕಂಡ. ಆದರೂ ಪೊಲೀಸ್ ದನಿ ಬಿಡಲಿಲ್ಲ. "ಮೇಷ್ಟ್ರೇ, ನಿಮ್ಮ ಮನೆಯವರು ಅನ್ನ ನೀರು ಬಿಟ್ಟು ಕೂತಿದಾರೆ. ಇದೇನಿದು?"

ಮೇಷ್ಟ್ರ ಕಣ್ಣು ತುಂಬಿತು. ಬಟ್ಟೆ ಬಿಚ್ಚಿದರು. ಉಕ್ಕಿನ ಕೊಂಡಿ, ನಡುವೆ ಬಿರಿದದ್ದು. "ಸೇತುವೆ ತೂಗೋದು ಇದರ ಮೇಲೆ. ತಡೀಬೇಕಾದ ಭಾರದಲ್ಲಿ ಅರ್ಧಕ್ಕೇ ಬಿರೀತು. ಯಾರೋ ಒಳ್ಳೆ ಉಕ್ಕು ತೋರಿಸಿ ಕಳಪೆ ಉಕ್ಕು ಕಳಿಸ್ತಿದಾರೆ. ಇವರಿಗೆ ಬಂದು ಹೇಳಿದೆ. ಅವತ್ತೇ ಸಂಜೆ ಒಂದು ಲಾರಿ ನನ್ನ ಸ್ಕೂಟರ್ ಮೇಲೆ ಬಂತು. ಹಾರಿ ಉಳಿದುಕೊಂಡೆ."

"ಪೊಲೀಸರಿಗೆ ಹೇಳ್ಬೇಕಿತ್ತು."

"ಹೇಳಿದ್ದೆ" ಎಂದರು ಯಜಮಾನರು. "ನಿಮ್ಮ ಠಾಣೆಗೇ ಫೋನ್ ಮಾಡಿದ್ದೆ. ನಾನು ಫೋನ್ ಇಟ್ಟ ಸ್ವಲ್ಪ ಹೊತ್ತಿಗೇ ಇವರ ಮನೆ ಮುಂದೆ ಯಾರೋ ಬಂದು ‘ಮೇಷ್ಟ್ರು ಇದಾರಾ’ ಅಂತ ವಿಚಾರಿಸಿದ್ರು. ಮಾರನೇ ದಿನ ಇವರು ಕೆಲಸಕ್ಕೆ ಬಂದಾಗ ಇಲ್ಲೇ ಅಡಗಿಸಿಟ್ಟೆ. ಅವತ್ತಿಂದ ಯಾರನ್ನೂ ನಂಬಿಲ್ಲ. ಒಬ್ಬ ಪ್ರಾಮಾಣಿಕನ್ನ ಕಳ್ಳ ಅಂತ ನನ್ನ ಆಫೀಸೇ ಆಡಿಕೊಳ್ತಿದ್ರೂ ಬಾಯಿಗೆ ಬೀಗ ಹಾಕ್ಕೊಂಡಿದ್ದೆ."

ಇನ್ಸ್‌ಪೆಕ್ಟರ್‌ಗೆ ಕಪಾಳಕ್ಕೆ ಬಿದ್ದಂತಾಯಿತು. ತನ್ನ ಠಾಣೆ! ಆ ಫೋನಿನ ವಿಷಯ ಅವನ ಕಿವಿಗೇ ಬಿದ್ದಿರಲಿಲ್ಲ. ಅಪರಾಧಿ ಎಂದುಕೊಂಡಿದ್ದ ಈ ನರೆತ ತಲೆಯ ಮನುಷ್ಯ, ಮಾನ ಪಣಕ್ಕಿಟ್ಟು ಗೆಳೆಯನ ಜೀವ ಕಾದಿದ್ದರು. ಅವನು ತಲೆ ತಗ್ಗಿಸಿದ.

ಅಕ್ಕ ಮಾತ್ರ ಈ ಮಾತಿನಲ್ಲಿ ಇರಲಿಲ್ಲ. ಪ್ಲಾನ್ ಹಾಳೆಯ ಮೇಲೆ ಅವಳ ಕಣ್ಣು ನೆಟ್ಟಿತ್ತು.

"ಸರ್" ಎಂದಳು ಸಾವಕಾಶವಾಗಿ. "ಆ ಮೂಲೆ ಸೆನ್ಸರ್. ಅದನ್ನ ಅಲ್ಲಿ ಹಾಕಿಸಿದ್ದು ನೀವಲ್ಲ."

"ನಾನ್ಯಾಕೆ ಹಾಕಿಸಲಿ? ನನಗೆ ಗೊತ್ತಾಗೋ ಹೊತ್ತಿಗೆ ಆಗಿಹೋಗಿತ್ತು. ನಮ್ಮ ಮ್ಯಾನೇಜರಮ್ಮ..."

ಅವರು ಥಟ್ಟನೆ ಬಾಗಿಲ ಕಡೆ ನೋಡಿದರು.

"ಉಕ್ಕು ಪರೀಕ್ಷೆ ಮಾಡೋ ರೂಮಲ್ಲಿ ತುಣುಕು ಅದಲುಬದಲು ಮಾಡೋಕೆ ಬೀಗದ ಕೈ ಬೇಕು. ಅದು ಯಾರ ಹತ್ತಿರ ಇರುತ್ತೆ?" ಅಕ್ಕ ಕೇಳಿದಳು.

"ಅವರ ಹತ್ತಿರಾನೇ" ಎಂದರು ಮೇಷ್ಟ್ರು.

"ನಮ್ಮನ್ನ ದೀಪಕ್ಕೋಸ್ಕರ ಕರೆಸಿಲ್ಲ ಕಣೋ" ಎಂದಳು ಅಕ್ಕ ತಮ್ಮನಿಗೆ. "ಗೋಡೆ ಆಚೆ ಜೀವ ಇದೆ ಅಂತ ಅವರಿಗೆ ಸೆನ್ಸರ್ ಹೇಳಿತ್ತು. ಒಳಗೆ ಹೋಗೋ ದಾರಿ ಎಲ್ಲಿ ಅಂತ ಗೊತ್ತಿರಲಿಲ್ಲ. ಅದನ್ನ ನಮ್ಮ ಕೈಲಿ ಹುಡುಕಿಸಿದಾರೆ."

ಅವಳ ಮುಖದಲ್ಲಿ ಸೋಲಿನ ಛಾಯೆ ಬಂದದ್ದು ಒಂದೇ ಕ್ಷಣ. ಮರುಕ್ಷಣ ಕೈ ಚುರುಕಾಯಿತು. ಮೇಷ್ಟ್ರನ್ನು ಒಳಗೆ ಸರಿಸಿ ಬೀರು ಮುಚ್ಚಿದಳು. ಮೇಜಿನ ಮೇಲೆ ಹಾಳೆ ಹರಡಿ, ಯಜಮಾನರ ಕೈಗೆ ಪೆನ್ನು ತುರುಕಿದಳು. "ನಕ್ಷೆ ಕೋಣೆಗೆ ಸ್ವಿಚ್ಚೇ ಇರ್ಲಿ ಅಂತೀರಾ ಸರ್? ಆಯ್ತು, ಹಾಗೇ ಬರ್ಕೋತೀನಿ" ಎಂದು ಏನೂ ನಡೆದೇ ಇಲ್ಲವೆಂಬ ದನಿಯಲ್ಲಿ, ಕಾರಿಡಾರಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. ಇನ್ಸ್‌ಪೆಕ್ಟರ್ ಅವಸರದಿಂದ ಪೆನ್ಸಿಲ್ಲನ್ನು ಮತ್ತೆ ಕಿವಿಗೇರಿಸಿದ. ಈ ಹೆಂಗಸಿನ ತಮ್ಮನಾಗಿ ಹುಟ್ಟಿದ್ದಕ್ಕೆ ಅವನಿಗೆ ಅಂಥ ಹೊತ್ತಿನಲ್ಲೂ ಎದೆ ತುಂಬಿ ಬಂತು.

ಬಾಗಿಲು ತೆರೆಯಿತು. ಮ್ಯಾನೇಜರಮ್ಮ ತಟ್ಟೆ ಹಿಡಿದು ಒಳಗೆ ಬಂದರು. ಅದೇ ಮೆದುವಾದ ನಗೆ.

ತಟ್ಟೆಯಲ್ಲಿ ನಾಲ್ಕು ಲೋಟ ಟೀ ಇತ್ತು.

"ಒಂದು ನಿಮಗಾ ಮೇಡಮ್?" ಎಂದಳು ಅಕ್ಕ, ಹಾಳೆಯಿಂದ ಕಣ್ಣೆತ್ತದೆ.

"ಅಯ್ಯೋ ಇಲ್ಲಮ್ಮ, ನಾನು ಟೀ ಮುಟ್ಟಲ್ಲ."

ಅವರು ಯಜಮಾನರ ಮುಂದೆ ಒಂದು ಲೋಟ ಇಟ್ಟರು, ಅಕ್ಕನ ಮುಂದೆ ಒಂದು. ಮೂರನೆಯದನ್ನು ಎತ್ತಿಕೊಂಡು ಪುಸ್ತಕದ ಬೀರುವಿನ ಕಡೆ ನಡೆದರು. ಮುಚ್ಚಿದ ಪಟ್ಟಿಯ ಎದುರಿಗಿದ್ದ ಪುಟ್ಟ ಸ್ಟೂಲಿನ ಮೇಲೆ, ಸದ್ದಾಗದಂತೆ ಅದನ್ನು ಇಟ್ಟರು.

ಬಳಿಕ ಇನ್ಸ್‌ಪೆಕ್ಟರ್ ಕಡೆ ತಿರುಗಿ, ಉಳಿದ ಲೋಟವನ್ನು ಅವನ ಕೈಗೆ ಕೊಟ್ಟರು.

"ನಿಮ್ಮದಕ್ಕೆ ಸಕ್ಕರೆ ಸ್ವಲ್ಪ ಜಾಸ್ತಿ ಹಾಕಿದೀನಿ ಇನ್ಸ್‌ಪೆಕ್ಟರ್ ಸಾಹೇಬ್ರೇ. ನೀವು ಹಾಗೇ ಕುಡಿಯೋದು ಅಂತ ನಿಮ್ಮ ಠಾಣೆಯಿಂದ ಈಗಷ್ಟೇ ಹೇಳಿದ್ರು."